ಮುಂಗಡ ಎಷ್ಟು, ಕಡಿತ ಎಲ್ಲಿಯವರೆಗೆ? ಬ್ರಿಟನ್ನಿನ ಸಹಾಯಧನದಿಂದ ಒಂದು ಲೆಕ್ಕದ ಪಾಠ



ಬಟವಾಡೆ ದಿನ ಸಂಘದ ಮುಂದೆ ಮತ್ತೆ ಮತ್ತೆ ಕೇಳಿಬರುವ ಮಾತು ಒಂದಿದೆ. "ಲೀಟರ್ ಲೆಕ್ಕ ಸರಿ ಇದೆ, ಫ್ಯಾಟೂ ಬಂದಿದೆ, ಆದರೂ ಕೈಗೆ ಇಷ್ಟೇ ಯಾಕೆ?" ಚೀಟಿ ತೆಗೆದು ನೋಡಿದರೆ ಉತ್ತರ ಬಹಳಷ್ಟು ಸಲ ಕಡಿತದ ಕಾಲಂನಲ್ಲಿ ಸಿಗುತ್ತದೆ. ಪಶು ಆಹಾರದ ಚೀಲ, ಹಸು ಕೊಂಡ ಸಾಲದ ಕಂತು, ಹಬ್ಬಕ್ಕೋ ಮಗುವಿನ ಶಾಲೆ ಫೀಜಿಗೋ ಪಡೆದ ಮುಂಗಡ. ಇವುಗಳಲ್ಲಿ ಆಹಾರದ ಚೀಲ ಕಣ್ಣೆದುರು ಇರುತ್ತದೆ, ಹಸು ಕೊಟ್ಟಿಗೆಯಲ್ಲಿ ಇರುತ್ತದೆ. ಮುಂಗಡದ ಹಣ ಮಾತ್ರ ಖರ್ಚಾಗಿ ಹೋಗಿರುತ್ತದೆ, ಅದರ ಕಡಿತ ಉಳಿದಿರುತ್ತದೆ. ಅದಕ್ಕೇ ಅದು ಮರೆತುಹೋಗುವುದು.

ಈ ಸಲದ ಪಾಠದಲ್ಲಿ ಮುಂಗಡವೊಂದನ್ನೇ ತೆಗೆದುಕೊಂಡಿದ್ದೇವೆ. ಉದಾಹರಣೆ ಮಾತ್ರ ದೂರದ್ದು, ಬ್ರಿಟನ್ ದೇಶದ್ದು. ಅಲ್ಲಿ ಲಕ್ಷಾಂತರ ಬಡ ಮತ್ತು ದುಡಿಯುವ ಕುಟುಂಬಗಳನ್ನು ಹಳೆಯ ಸರ್ಕಾರಿ ಸಹಾಯಧನಗಳಿಂದ ಒಂದು ಹೊಸ ಸಹಾಯಧನಕ್ಕೆ ದಾಟಿಸಿದರು. ದಾಟುವಾಗ ನಡುವೆ ಬಂದ ಖಾಲಿ ವಾರಗಳಿಗೆ ಮುಂಗಡ ಕೊಟ್ಟರು. ಎಷ್ಟು ಕೊಟ್ಟರು, ಎಷ್ಟು ಕಂತಿನಲ್ಲಿ ಹಿಂದಕ್ಕೆ ಪಡೆದರು, ತೊಂದರೆ ಕಂಡಾಗ ನಿಯಮ ಹೇಗೆ ಬದಲಾಯಿತು ಎಲ್ಲವೂ ಅಂಕಿಗಳಲ್ಲಿ ಸಿಗುತ್ತದೆ. ನಮ್ಮೂರಿನ ಕೈಸಾಲಕ್ಕೆ ಇಂಥ ದಾಖಲೆ ಇರುವುದಿಲ್ಲ, ಹಾಗಾಗಿ ಲೆಕ್ಕ ಕಲಿಯಲು ಅಲ್ಲಿಯದೇ ಅನುಕೂಲ.

ಆ ಹೊಸ ಸಹಾಯಧನದ ಹೆಸರು ಯೂನಿವರ್ಸಲ್ ಕ್ರೆಡಿಟ್. 2012ರಲ್ಲಿ ಕಾನೂನಾಯಿತು, 2013ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ಆ್ಯಷ್ಟನ್-ಅಂಡರ್-ಲೈನ್ ಎಂಬ ಪಟ್ಟಣದಲ್ಲಿ ಶುರುವಾಯಿತು. ಅದಕ್ಕೂ ಮೊದಲು ಅಲ್ಲಿ ಆರು ಬೇರೆ ಬೇರೆ ಸಹಾಯಗಳಿದ್ದವು. ಮನೆ ಬಾಡಿಗೆಗೆ ಒಂದು, ಕೆಲಸ ಇಲ್ಲದವರಿಗೆ ಒಂದು, ಕಾಯಿಲೆಯಿಂದ ದುಡಿಯಲಾಗದವರಿಗೆ ಒಂದು, ಕಡಿಮೆ ವರಮಾನದವರಿಗೆ ಒಂದು, ಮಕ್ಕಳ ಲೆಕ್ಕದಲ್ಲಿ ಒಂದು, ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಒಂದು. ಕೊನೆಯ ಎರಡಕ್ಕೆ ಟ್ಯಾಕ್ಸ್ ಕ್ರೆಡಿಟ್ ಎಂದು ಹೆಸರು. ಆರನ್ನೂ ಸೇರಿಸಿ ಒಂದೇ ಮಾಡಿದರು. ಹಳೆಯ ಟ್ಯಾಕ್ಸ್ ಕ್ರೆಡಿಟ್‌ಗಳು 2025ರ ಏಪ್ರಿಲ್ 5ಕ್ಕೆ ಪೂರ್ತಿ ಮುಗಿದವು.

ಆರು ಕಡೆ ಅಲೆಯುವುದು ತಪ್ಪಿತು ಎನ್ನುವುದು ನಿಜವಾದ ಅನುಕೂಲವೇ. ತೊಡಕು ಬಂದದ್ದು ದಿನಾಂಕದಲ್ಲಿ. ಹಳೆಯ ಸಹಾಯಗಳು ಹೆಚ್ಚಾಗಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬರುತ್ತಿದ್ದವು, ಹೆಚ್ಚುಕಡಿಮೆ ನಮ್ಮ ಬಟವಾಡೆಯ ಹಾಗೆ. ಹೊಸದು ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದ ಮೇಲೆ. ಒಬ್ಬಾಕೆ ಜೂನ್ 3ಕ್ಕೆ ಅರ್ಜಿ ಹಾಕಿದಳು ಎನ್ನೋಣ. ಜುಲೈ 2ರವರೆಗೆ ಅವಳ ಲೆಕ್ಕದ ತಿಂಗಳು. ಆ ತಿಂಗಳಲ್ಲಿ ಅವಳ ಸಂಬಳ, ಬಾಡಿಗೆ, ಮಕ್ಕಳು ಎಲ್ಲ ನೋಡಿ ಮೊತ್ತ ನಿಗದಿ ಮಾಡಿ, ಇನ್ನೊಂದು ವಾರ ಬಿಟ್ಟು ಜುಲೈ 9ರ ಹೊತ್ತಿಗೆ ಖಾತೆಗೆ ಹಾಕುತ್ತಾರೆ. ಅಂದರೆ ಐದು ವಾರ ಕಾಯಬೇಕು. ಮೊದಮೊದಲು ಇದು ಆರು ವಾರ ಇತ್ತು, ಆಕ್ಷೇಪಗಳು ಬಂದ ಮೇಲೆ 2018ರಲ್ಲಿ ಒಂದು ವಾರ ಇಳಿಸಿದರು.

ಬಾಡಿಗೆ ಸಹಾಯ ಮತ್ತು ಇನ್ನು ಕೆಲವು ಹಳೆಯ ಸಹಾಯಗಳಿಂದ ಬಂದವರಿಗೆ ಎರಡು ವಾರದ ಹಳೆಯ ಹಣವನ್ನು ಮುಂದುವರಿಸಿ ಕೊಡುತ್ತಾರೆ. ಇದನ್ನು ಹಿಂದಕ್ಕೆ ಕೊಡಬೇಕಿಲ್ಲ. ಟ್ಯಾಕ್ಸ್ ಕ್ರೆಡಿಟ್‌ನಿಂದ ಬಂದವರಿಗೆ ಇದು ಇರಲಿಲ್ಲ. ಉಳಿದ ವಾರಗಳಿಗೆ ಸರ್ಕಾರ ತೋರಿಸುವ ದಾರಿಯೇ ಮುಂಗಡ.

ಈ ಮುಂಗಡದ ನಿಯಮ ಸರಳ. ಮೊದಲ ತಿಂಗಳಿಗೆ ಎಷ್ಟು ಬರಬಹುದು ಎಂದು ಅಂದಾಜು ಮಾಡಿ, ಅಷ್ಟರವರೆಗೂ ಕೇಳಬಹುದು. ಬಡ್ಡಿ ಇಲ್ಲ. ಮೊದಲ ಪಾವತಿಯ ದಿನದಿಂದಲೇ ಕಂತು ಮುರಿದುಕೊಳ್ಳಲು ಶುರು, 24 ತಿಂಗಳೊಳಗೆ ತೀರಬೇಕು. ಲೆಕ್ಕಕ್ಕೆಂದು ಇಬ್ಬರು ಮಕ್ಕಳ ತಾಯಿಯೊಬ್ಬಳಿಗೆ ಬಾಡಿಗೆಯೂ ಸೇರಿ ತಿಂಗಳಿಗೆ 1,200 ಪೌಂಡ್ ಬರುತ್ತದೆ ಎಂದಿಟ್ಟುಕೊಳ್ಳಿ. ಪೌಂಡ್ ಅವರ ಹಣ. ರೂಪಾಯಿಗೆ ತಿರುಗಿಸಿ ನೋಡುವುದು ಬೇಡ, ಅಲ್ಲಿಯ ಬಾಡಿಗೆ ಬೆಲೆಗಳೇ ಬೇರೆ. ಆಕೆ ಪೂರ್ತಿ 1,200 ಮುಂಗಡ ಪಡೆದು 24 ಕಂತು ಮಾಡಿಕೊಂಡರೆ ತಿಂಗಳಿಗೆ 50 ಕಡಿತ, ಕೈಗೆ 1,150. ಹನ್ನೆರಡೇ ಕಂತು ಎಂದರೆ 100 ಕಡಿತ, ಕೈಗೆ 1,100. ಬೇಕಾದಷ್ಟೇ ಎಂದು 600 ಪಡೆದು 24 ಕಂತು ಮಾಡಿದರೆ ಕಡಿತ 25, ಕೈಗೆ 1,175.

ಇಲ್ಲಿ ಸ್ವಲ್ಪ ನಿಲ್ಲೋಣ. ಮೂರು ಲೆಕ್ಕದಲ್ಲೂ ಅವಳಿಗೆ ಒಟ್ಟು ಬರುವ ಹಣ ಒಂದೇ. ಎರಡು ವರ್ಷಕ್ಕೆ 24 ಪಾವತಿ ಬರಬೇಕಾದದ್ದು, ಮುಂಗಡ ಸೇರಿ 25 ಸಲ ಬರುತ್ತದೆ. ಒಂದು ಸಲ ಹೆಚ್ಚಿಗೆ ಬಂತು ಎಂದು ಹಣ ಹೆಚ್ಚಿಲ್ಲ, ಪ್ರತಿ ಸಲದ್ದೂ ಒಂದೊಂದು ಚೂರು ಸಣ್ಣದಾಗಿದೆ ಅಷ್ಟೇ. ಹತ್ತು ರೊಟ್ಟಿಯ ಹಿಟ್ಟಿನಲ್ಲಿ ಹನ್ನೊಂದು ರೊಟ್ಟಿ ತಟ್ಟಿದ ಹಾಗೆ. ಹಸಿದಾಗ ಆ ಹನ್ನೊಂದನೆಯದು ಮೊದಲೇ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ. ಆದರೆ ಅದು ನಮ್ಮದೇ ಹಿಟ್ಟು.

ನಿಯಮಗಳು ಹೇಗೆ ಸಡಿಲವಾಗುತ್ತ ಬಂದವು ಎನ್ನುವುದನ್ನು ನೋಡಿದರೆ ಎಲ್ಲಿ ಚಪ್ಪಲಿ ಕಚ್ಚುತ್ತಿತ್ತು ಎಂದು ಗೊತ್ತಾಗುತ್ತದೆ. ಆರಂಭದಲ್ಲಿ ಮೊದಲ ಪಾವತಿಯ ಅರ್ಧದಷ್ಟೇ ಮುಂಗಡ, ಆರು ತಿಂಗಳಲ್ಲಿ ತೀರಿಸಬೇಕಿತ್ತು. 2018ರ ಜನವರಿಯಲ್ಲಿ ಪೂರ್ತಿ ಮೊತ್ತ, 12 ತಿಂಗಳು ಎಂದಾಯಿತು. 2021ರ ಏಪ್ರಿಲ್‌ನಲ್ಲಿ 24 ತಿಂಗಳಾಯಿತು. ಇನ್ನೊಂದು ಕಡೆ, ಒಬ್ಬರ ಹಣದಿಂದ ಒಟ್ಟು ಎಷ್ಟು ಮುರಿದುಕೊಳ್ಳಬಹುದು ಎಂಬ ಮಿತಿಯೂ ಇಳಿಯಿತು. ಮನೆ ಬಾಡಿಗೆ, ಮಕ್ಕಳ ಲೆಕ್ಕ ಬಿಟ್ಟು ಪ್ರತಿಯೊಬ್ಬರಿಗೂ ಒಂದು ಮೂಲ ಮೊತ್ತ ಇರುತ್ತದೆ. 25 ವರ್ಷ ದಾಟಿದ ಒಂಟಿ ವ್ಯಕ್ತಿಗೆ 2025-26ರಲ್ಲಿ ಅದು ತಿಂಗಳಿಗೆ 400.14 ಪೌಂಡ್ ಇತ್ತು. ಮೊದಲು ಆ ಮೂಲ ಮೊತ್ತದ ನೂರಕ್ಕೆ 40ರವರೆಗೂ ಮುರಿದುಕೊಳ್ಳಬಹುದಿತ್ತು. 2019ರಲ್ಲಿ 30 ಆಯಿತು, 2021ರಲ್ಲಿ 25, 2025ರ ಏಪ್ರಿಲ್ ಕೊನೆಯಿಂದ 15. ಮೇಲಿನ 400 ಪೌಂಡಿಗೆ ಹೋಲಿಸಿದರೆ ಮೊದಲು 160 ಹೋಗಬಹುದಿದ್ದ ಕಡೆ ಈಗ ಸಾಮಾನ್ಯವಾಗಿ 60ಕ್ಕೆ ನಿಲ್ಲುತ್ತದೆ. ಒಂದು ಸರ್ಕಾರ ತನ್ನದೇ ವಸೂಲಿಯನ್ನು ಇಷ್ಟು ಸಲ ತಗ್ಗಿಸಿತು ಎಂದರೆ ಕಡಿತದ ಮೇಲೆ ಬದುಕು ಎಷ್ಟು ಬಿಗಿಯಾಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಕಡಿತ ಎಂದರೆ ಮುಂಗಡದ್ದೊಂದೇ ಅಲ್ಲ ಎನ್ನುವುದನ್ನೂ ಗಮನಿಸಿ. ಟ್ಯಾಕ್ಸ್ ಕ್ರೆಡಿಟ್ ಇದ್ದ ಕಾಲದಲ್ಲಿ ಲೆಕ್ಕ ತಪ್ಪಿ ಹೆಚ್ಚಿಗೆ ಪಾವತಿಯಾಗಿದ್ದರೆ ಆ ಹಳೆಯ ಬಾಕಿ ಹೊಸ ಸಹಾಯಧನಕ್ಕೂ ಹಿಂಬಾಲಿಸಿ ಬಂತು. ಎಷ್ಟೋ ಮಂದಿಗೆ ಮೊದಲ ಪಾವತಿಯ ದಿನವೇ ಎರಡು ಕಡಿತ ಕಂಡವು, ಒಂದು ಹೊಸ ಮುಂಗಡದ್ದು, ಇನ್ನೊಂದು ಎಂದೋ ಮರೆತದ್ದು. ಲೆಕ್ಕಪುಸ್ತಕ ಬದಲಾಯಿತು ಎಂದು ಬಾಕಿ ಅಳಿಯುವುದಿಲ್ಲ.

ಸರ್ಕಾರದ ವಾದ ಏನೆಂದರೆ, ಮುಂಗಡ ಇದೆ, ಬಡ್ಡಿ ಇಲ್ಲ, ಯಾರೂ ಐದು ವಾರ ಬರಿಗೈಯಲ್ಲಿ ಇರಬೇಕಿಲ್ಲ. ಇನ್ನೊಂದು ವಾದ, ಕಾಯುವಿಕೆಯನ್ನು ಹುಟ್ಟಿಸಿದ್ದೇ ಸರ್ಕಾರ, ಅದನ್ನು ತುಂಬಲು ಜನರ ಮೇಲೆ ಸಾಲ ಹೊರಿಸುವುದೇಕೆ ಎಂದು. ಅಲ್ಲಿ ಬಡವರಿಗೆ ಉಚಿತ ದಿನಸಿ ಹಂಚುವ ಟ್ರಸೆಲ್ ಟ್ರಸ್ಟ್ ಎಂಬ ಸಂಸ್ಥೆ, ಈ ಐದು ವಾರವೇ ಜನರನ್ನು ತಮ್ಮ ಬಾಗಿಲಿಗೆ ತರುತ್ತಿದೆ ಎಂದು ಚಳವಳಿಯನ್ನೇ ನಡೆಸಿತು. 2020ರ ಜುಲೈನಲ್ಲಿ ಅಲ್ಲಿಯ ಮೇಲ್ಮನೆಯ ಆರ್ಥಿಕ ಸಮಿತಿ, ಮೊದಲ ಎರಡು ವಾರಕ್ಕೆ ಹಿಂದಕ್ಕೆ ಕೇಳದ ಹಣ ಕೊಡಿ ಎಂದು ಶಿಫಾರಸು ಮಾಡಿತು. ನಮಗೆ ಎರಡನೆಯ ವಾದವೇ ಸರಿ ಕಾಣುತ್ತದೆ. ಕಾಯುವಿಕೆಯನ್ನು ಸರಿಪಡಿಸಬೇಕಾದ ಕಡೆ ಸಾಲದ ತೇಪೆ ಹಾಕಿದ್ದಾರೆ.

ಇನ್ನೊಂದು ಸಂಗತಿಯನ್ನು ಓದುವಾಗ ನಮ್ಮ ಮೊಬೈಲ್ ಫೋನುಗಳು ನೆನಪಾಗುತ್ತವೆ. 2019ರ ಹೊತ್ತಿಗೆ ಅಲ್ಲಿ ಕೆಲವು ವಂಚಕರು "ಸರ್ಕಾರದ ಉಚಿತ ಹಣ ಕೊಡಿಸುತ್ತೇವೆ" ಎಂದು ಜನರ ಹೆಸರು, ಬ್ಯಾಂಕ್ ವಿವರ ಪಡೆದು, ಅವರ ಹೆಸರಿನಲ್ಲಿ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿ, ಮುಂಗಡ ಬಂದೊಡನೆ ದೊಡ್ಡ ಪಾಲು ಹೊಡೆದುಕೊಂಡರು. ಉಳಿದದ್ದನ್ನು ಉಚಿತ ಎಂದು ಖರ್ಚು ಮಾಡಿದವರಿಗೆ ಆಮೇಲೆ ಗೊತ್ತಾಯಿತು, ಅದು ಸಾಲ ಎಂದು. ಅಷ್ಟೇ ಅಲ್ಲ, ಹೊಸದಕ್ಕೆ ಅರ್ಜಿ ಬಿದ್ದ ಕಾರಣ ಬರುತ್ತಿದ್ದ ಹಳೆಯ ಟ್ಯಾಕ್ಸ್ ಕ್ರೆಡಿಟ್ ನಿಂತುಹೋಯಿತು. ಮತ್ತೆ ಹಳೆಯದಕ್ಕೆ ಹೋಗುವುದು ಸುಲಭವಿರಲಿಲ್ಲ. ಸರ್ಕಾರದಿಂದ ಪತ್ರ ಬಂದ ಮೇಲೆ ಮೂರು ತಿಂಗಳ ಗಡುವಿನೊಳಗೆ ದಾಟಿದವರಿಗೆ, ಹಳೆಯದಕ್ಕಿಂತ ಹೊಸದು ಕಡಿಮೆಯಾದರೆ ವ್ಯತ್ಯಾಸ ತುಂಬಿಕೊಡುವ ರಕ್ಷಣೆ ಇದೆ. ಪತ್ರ ಬರುವ ಮೊದಲೇ ದಾಟಿದವರಿಗೆ ಸಾಮಾನ್ಯವಾಗಿ ಅದು ಇಲ್ಲ. ಯಾರೋ ಒತ್ತಿದ ಒಂದು ಬಟನ್‌ನಿಂದ ಹಣವೂ ಹೋಯಿತು, ರಕ್ಷಣೆಯೂ ಹೋಯಿತು. ನಮ್ಮಲ್ಲಿ ಓಟಿಪಿ ಕೇಳುವವರು ಬೇರೆ ಯೋಜನೆಯ ಹೆಸರು ಹೇಳುತ್ತಾರೆ, ರೀತಿ ಇದೇ.

ಅಂದ ಹಾಗೆ, ಮಗಳೋ ಅಳಿಯನೋ ಓದಲು, ನರ್ಸ್ ಕೆಲಸಕ್ಕೆ ಎಂದು ಬ್ರಿಟನ್ನಿಗೆ ಹೋದ ಮನೆಗಳು ನಮ್ಮ ಜಿಲ್ಲೆಗಳಲ್ಲೂ ಇವೆ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ ಮೇಲೆ ಇರುವವರಿಗೆ ಸಾಮಾನ್ಯವಾಗಿ ಈ ಸಹಾಯಧನ ಇಲ್ಲ, ವೀಸಾದಲ್ಲೇ ಹಾಗೆ ಷರತ್ತು ಇರುತ್ತದೆ. ಕೊಡಿಸುತ್ತೇನೆ ಎಂದು ಯಾರಾದರೂ ಫೀಜು ಕೇಳಿದರೆ ಮಕ್ಕಳಿಗೆ ಈ ಮಾತು ತಿಳಿಸಿ.

ಈಗ ನಮ್ಮ ಅಂಗಳಕ್ಕೆ ಬರೋಣ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ನಡುವೆ ಖಾಲಿ ದಿನ ಬೀಳುವುದು ನಮಗೂ ಗೊತ್ತು. ಖಾಸಗಿ ವ್ಯಾಪಾರಿಗೆ ಹಾಲು ಹಾಕುತ್ತಿದ್ದ ಮನೆ ಸಂಘಕ್ಕೆ ಬರುವಾಗ ನೋಡಿ. ವ್ಯಾಪಾರಿ ಮುಂಗಡ ಕೊಟ್ಟಿರುತ್ತಾನೆ, ಅದು ತೀರದೆ ಬಿಡುವುದಿಲ್ಲ. ಸಂಘದ ಮೊದಲ ಬಟವಾಡೆಗೆ ವಾರವೋ ಹದಿನೈದು ದಿನವೋ ಆಗುತ್ತದೆ. ಈ ಎರಡರ ನಡುವೆ ಎಷ್ಟೋ ಸೋದರಿಯರು ಹಿಂದಕ್ಕೆ ತಿರುಗುತ್ತಾರೆ.

ವ್ಯಾಪಾರಿಯ ಮುಂಗಡಕ್ಕೆ ಬಡ್ಡಿ ಇಲ್ಲ ಎನ್ನುತ್ತಾರೆ. ಬಾಯಲ್ಲಿ ಇಲ್ಲ, ಲೀಟರಿನಲ್ಲಿ ಇದೆ. 20,000 ರೂಪಾಯಿ ಮುಂಗಡ ಕೊಟ್ಟು, ಸಂಘದ ದರಕ್ಕಿಂತ ಲೀಟರಿಗೆ 3 ರೂಪಾಯಿ ಕಡಿಮೆ ಕೊಡುತ್ತಾನೆ ಎನ್ನಿ. ದಿನಕ್ಕೆ 8 ಲೀಟರ್ ಹಾಕಿದರೆ ದಿನಕ್ಕೆ 24 ರೂಪಾಯಿ. ವರ್ಷದಲ್ಲಿ 300 ದಿನ ಹಾಲು ಹಾಕಿದರೆ 7,200 ರೂಪಾಯಿ. ಅಷ್ಟು ಹೋದ ಮೇಲೂ 20,000 ಹಾಗೇ ನಿಂತಿರುತ್ತದೆ. ನೂರಕ್ಕೆ 36ರ ಬಡ್ಡಿ ಇದು. ಬ್ರಿಟನ್ನಿನ ಮುಂಗಡವನ್ನು ಎಷ್ಟೇ ಟೀಕಿಸಲಿ, ಅಲ್ಲಿ ಕಂತು ಕಟ್ಟಿದಷ್ಟೂ ಅಸಲು ಇಳಿಯುತ್ತದೆ, ಮುಗಿಯುವ ತಿಂಗಳು ಮೊದಲೇ ಗೊತ್ತಿರುತ್ತದೆ. ಇಲ್ಲಿ ಮುಗಿಯುವ ದಿನವೇ ಇಲ್ಲ. ಮುಂಗಡ ತೀರದಿರುವುದೇ ಅವನಿಗೆ ಲಾಭ, ಏಕೆಂದರೆ ಹಸು ಅಲ್ಲಿಯವರೆಗೆ ಅವನಿಗೇ ಹಾಲು ಕೊಡುತ್ತದೆ.

ಸಂಘದಲ್ಲಿ ಮುಂಗಡ ಸಿಗುವ ಕಡೆ ಅದನ್ನು ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಇಲ್ಲಿ ತಪ್ಪುವ ಲೆಕ್ಕ ಬೇರೆ. ಹದಿನೈದು ದಿನದ ಬಿಲ್ಲು 5,000 ಇದ್ದಾಗ ಪಶು ಆಹಾರಕ್ಕೆ 1,900 ಹೋಗಿ, ಮುಂಗಡದ ಕಂತು 500 ಹೋಗಿ ಕೈಗೆ 2,600 ಬರುತ್ತದೆ. 500 ಹಗುರ ಎನ್ನಿಸುತ್ತದೆ. ಬೇಸಿಗೆ ಬಂತು, ಒಂದು ಹಸು ಗಬ್ಬದ ಕೊನೆಯ ತಿಂಗಳುಗಳಿಗೆ ಬತ್ತಿತು, ಬಿಲ್ಲು ಅರ್ಧಕ್ಕೆ ಇಳಿದು 2,500 ಆಯಿತು ಎನ್ನಿ. ಹಸು ಬತ್ತಿದರೂ ಮೇವು ಬಿಡುವಂತಿಲ್ಲ, ಆಹಾರಕ್ಕೆ 1,500. ಕಂತು ಅದೇ 500. ಕೈಗೆ ಉಳಿದದ್ದು 500. ಹಾಲು ಇಳಿದದ್ದು ಅರ್ಧಕ್ಕೆ, ಕೈಗೆ ಬಂದದ್ದು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಬ್ರಿಟನ್ನಿನಲ್ಲೂ ಇದೇ ಪೇಚು. ಅಲ್ಲಿ ದುಡಿಯುವವರ ಸಂಬಳ ಒಂದು ಮಿತಿ ದಾಟಿದ ಮೇಲೆ, ಹೆಚ್ಚಾದ ಪ್ರತಿ ಪೌಂಡಿಗೂ ಸಹಾಯಧನ 55 ಪೈಸೆಯ ಲೆಕ್ಕದಲ್ಲಿ ಇಳಿಯುತ್ತದೆ. ಅವರ ಪೈಸೆಗೆ ಪೆನ್ಸ್ ಎನ್ನುತ್ತಾರೆ. ತಿಂಗಳು ತಿಂಗಳು ಮೊತ್ತ ಏರಿಳಿಯುತ್ತದೆ, ಕಂತು ಮಾತ್ರ ಅಲ್ಲಾಡುವುದಿಲ್ಲ. ತೀರಾ ಕಷ್ಟ ಎಂದು ತೋರಿಸಿಕೊಟ್ಟರೆ ಮುಂಗಡದ ಕಂತನ್ನು ಮೂರು ತಿಂಗಳವರೆಗೆ ಮುಂದೂಡುವ ಅವಕಾಶ ಇದೆ, ಆದರೆ ಕೇಳಿದವರಿಗೆ ಮಾತ್ರ.

ಆದ್ದರಿಂದ ಕಂತು ಗೊತ್ತು ಮಾಡುವಾಗ ಹಾಲು ತುಂಬಿ ಹರಿಯುವ ತಿಂಗಳಿನ ಬಿಲ್ಲನ್ನು ಎದುರಿಗೆ ಇಟ್ಟುಕೊಳ್ಳಬೇಡಿ. ಕಳೆದ ವರ್ಷದ ಪಾಸ್‌ಪುಸ್ತಕದಲ್ಲಿ ಅತಿ ಕಡಿಮೆ ಬಂದ ಬಟವಾಡೆ ಹುಡುಕಿ, ಅದರಲ್ಲಿ ಈ ಕಂತು ಹೋದರೆ ಮನೆ ನಡೆಯುತ್ತದೆಯೇ ನೋಡಿ. ಕಾರ್ಯದರ್ಶಿಯವರ ಹತ್ತಿರ, ಹಸು ಬತ್ತಿದ ಎರಡು ತಿಂಗಳು ಕಂತು ನಿಲ್ಲಿಸಿ ಆಮೇಲೆ ಮುಂದುವರಿಸಲು ಆಗುತ್ತದೆಯೇ ಎಂದು ಮುಂಗಡ ಪಡೆಯುವ ದಿನವೇ ಕೇಳಿ. ಹಣ ಖರ್ಚಾದ ಮೇಲೆ ಕೇಳುವ ಮಾತಿಗೆ ಬಲ ಕಡಿಮೆ. ಎಷ್ಟು ಸಿಗುತ್ತದೆ ಎನ್ನುವುದಕ್ಕಿಂತ ಎಷ್ಟು ದಿನದ ಖಾಲಿ ತುಂಬಬೇಕು ಎಂದು ಮೊದಲು ಎಣಿಸಿ. ಹದಿನೈದು ದಿನದ ಮನೆ ಖರ್ಚು, ಹಿಂಡಿ ಬೂಸಾ ಸೇರಿ 4,000 ಸಾಕು ಎಂದಾದರೆ 10,000 ಕೊಡುತ್ತೇವೆ ಎಂದರೂ 4,000ವೇ ಸಾಕು.

ಮುಂಗಡ ಯಾರ ಹೆಸರಿನಲ್ಲಿ ಏಳುತ್ತದೆ ಎನ್ನುವುದು ನಮಗೆ ಬಹಳ ಮುಖ್ಯ. ಬ್ರಿಟನ್ನಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕಿದರೆ ಹಣ ಸಾಮಾನ್ಯವಾಗಿ ಒಂದೇ ಖಾತೆಗೆ ಹೋಗುತ್ತದೆ. ಖಾತೆ ಗಂಡನದ್ದಾಗಿ, ಹಣ ಅವನ ಕೈಯಲ್ಲೇ ಉಳಿದು, ಕಡಿತ ಮಾತ್ರ ಇಡೀ ಮನೆಯ ಮೇಲೆ ಬೀಳುತ್ತದೆ ಎಂದು ಮಹಿಳಾ ಸಂಘಟನೆಗಳು ಆಕ್ಷೇಪಿಸಿವೆ. ಮನೆಯಲ್ಲಿ ಹಿಂಸೆ ಇರುವಂಥ ಕಡೆ ಹಣವನ್ನು ಇಬ್ಬರ ಖಾತೆಗೆ ಬೇರೆ ಬೇರೆ ಹಾಕಿಸಲು ಕೇಳಬಹುದು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ತಿಂಗಳಿಗೊಮ್ಮೆಯ ಬದಲು ಎರಡು ಸಲ ಕೊಡುವ ಪದ್ಧತಿ ಇಟ್ಟುಕೊಂಡರು, ಸ್ಕಾಟ್ಲೆಂಡಿನಲ್ಲಿ ಬೇಕಾದವರು ಹಾಗೆ ಕೇಳಿ ಪಡೆಯಬಹುದು. ಹಣ ಯಾರಿಗೆ, ಎಷ್ಟು ದಿನಕ್ಕೊಮ್ಮೆ ಎಂಬುದು ಸಣ್ಣ ವಿಚಾರ ಎಂದು ಅಲ್ಲಿಯ ಹೆಂಗಸರು ಬಿಡಲಿಲ್ಲ.

ನಮ್ಮಲ್ಲಿ ಹಸು ಕಟ್ಟುವವಳು, ಸಗಣಿ ಬಾಚುವವಳು, ಬೆಳಗಿನ ಜಾವ ಕ್ಯಾನು ಹೊತ್ತು ಬರುವವಳು ಒಬ್ಬಳು. ಸಂಘದ ಸದಸ್ಯತ್ವ ಇನ್ನೊಬ್ಬರ ಹೆಸರಿನಲ್ಲಿ. ಆಗ ಮುಂಗಡಕ್ಕೆ ಸಹಿಯೂ ಅವರದೇ, ಎಷ್ಟು ಪಡೆದರು ಎನ್ನುವುದು ಇವಳಿಗೆ ಬಟವಾಡೆ ದಿನ ಗೊತ್ತಾಗುತ್ತದೆ. ಮಹಿಳಾ ಸಂಘಗಳಲ್ಲಿ ಈ ತೊಂದರೆ ಕಡಿಮೆ, ಉಳಿದ ಸಂಘಗಳಲ್ಲಿ ಹಾಲು ಹಾಕುವ ಸೋದರಿಯರು ತಮ್ಮ ಹೆಸರಿನಲ್ಲೇ ಸದಸ್ಯತ್ವ ಪಡೆಯಲು ಅರ್ಜಿ ಕೊಡಿ. ಅದಾಗುವವರೆಗೂ, ಮನೆಯಲ್ಲಿ ಹೇಳಿ ಕಡಿತದ ಚೀಟಿಯನ್ನು ನೀವೇ ಕೈಗೆ ತೆಗೆದುಕೊಳ್ಳಿ.

ಚೀಟಿಯಲ್ಲಿ ಈ ಸಲ ಮುರಿದುಕೊಂಡ ಮೊತ್ತ ಇರುತ್ತದೆ. ಉಳಿದ ಬಾಕಿ ಎಷ್ಟು ಎಂಬುದು ಎಲ್ಲ ಕಡೆ ಬರೆದಿರುವುದಿಲ್ಲ. ಅದನ್ನು ಕಾರ್ಯದರ್ಶಿಯವರಿಂದ ಕೇಳಿ, ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆಸಿ, ಪಕ್ಕದಲ್ಲಿ ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಮುಂದಿನ ಬಟವಾಡೆಯಲ್ಲಿ ಆ ಬಾಕಿಯಿಂದ ಕಂತು ಕಳೆದು ನೋಡಿದರೆ ಎಷ್ಟು ಉಳಿಯಬೇಕು ಎಂದು ನಿಮಗೇ ಗೊತ್ತಾಗುತ್ತದೆ. ಹೊಂದದಿದ್ದರೆ ಎರಡೂ ಚೀಟಿಗಳನ್ನು ತೋರಿಸಿ ಕೇಳಿ.